ಪೆನ್ಸಿಲ್ ಗುರುತು

ಬಿರುಕಿನ ತುದಿಗೆ ಅಡ್ಡಗೆರೆ ಎಳೆದು
ತಾರೀಕು ಬರೆದಿಡುವುದು ನನ್ನ ಕೆಲಸ.
ಸ್ಟೂಲು ಹತ್ತಿ, ಬಾಯಲ್ಲಿ ಪೆನ್ಸಿಲ್ ಕಚ್ಚಿ.
ಫ್ಯಾನಿನ ಕೊಕ್ಕೆಯಲ್ಲಿ ಹುಟ್ಟಿ
ಕ್ಯಾಲೆಂಡರಿನ ಮೊಳೆಯ ಕಡೆ ಹೊರಟಿದೆ ಅದು:
ಯುಗಾದಿಗೆ ಮೂರು ಗೇಣು,
ಮಹಾಲಯಕ್ಕೆ ನಾಲ್ಕೂವರೆ.

ನಮ್ಮೆಜಮಾನ್ರು ವರ್ಷಕ್ಕೊಮ್ಮೆ ಪುಟ್ಟಿ ತರುತ್ತಾರೆ,
ಮೆತ್ತುತ್ತಾರೆ, ಉಜ್ಜುತ್ತಾರೆ, ಬಣ್ಣ ಬಳಿದು
"ನೋಡು, ಮದುವೆ ಮನೆ ಥರ" ಎನ್ನುತ್ತಾರೆ.
ಒಂದು ಬೇಸಿಗೆ ಸಾಕು.
ಹಗಲೆಲ್ಲ ಕಾದ ತಾರಸಿ ಬೆಳಗಿನ ಜಾವ ತಣ್ಣಗಾಗುವಾಗ
ಟಕ್ ಅಂತ ಒಂದೇ ಸದ್ದು.
ಎದ್ದರೆ ದಿಂಬಿನ ಮೇಲೆ ಬಿಳಿ ಪುಡಿ,
ಮಗಳ ಹುಬ್ಬಿನ ಮೇಲೂ.

ಇನ್ನು ನೆಲ.
ಶಿಡ್ಲಘಟ್ಟದ ಈ ಗಲ್ಲಿಯಲ್ಲಿ
ಹಲಗೆಯ ಮಹಡಿ ಉಳಿದಿರುವುದು ನಮ್ಮದೊಂದೇ.
ಕೆಳಗೆ ಬೇಸಿನ್ನಿನಲ್ಲಿ ರೇಷ್ಮೆಗೂಡು ಬೇಯುವಷ್ಟು ಹೊತ್ತು
ಹಬೆ ಕುಡಿದು ಹಲಗೆ ಉಬ್ಬುತ್ತದೆ,
ಒಲೆ ಆರಿದ ಮೇಲೆ ಕುಗ್ಗುತ್ತದೆ,
ಮೊಳೆ ಮಾತ್ರ ಎಲ್ಲಿತ್ತೋ ಅಲ್ಲೇ.
ಆ ಜಗಳವೇ ಕಿರ್ರೆನ್ನುವುದು.
ಸೋಪು ಸವರಿದೆವು, ಪೌಡರ್ ಉದುರಿಸಿದೆವು,
ಯಾರೋ ಹೇಳಿದರೆಂದು ಕೊಬ್ಬರಿ ಎಣ್ಣೆ ಬಿಟ್ಟು
ಮೂರು ದಿನ ಇರುವೆ ಸಾಲು.

ಅತ್ತೆ ಅಶ್ವತ್ಥಮ್ಮನಿಗೆ ಸದ್ದುಗಳೆಲ್ಲ ಬಾಯಿಪಾಠ:
ಕಿಟಕಿ ಪಕ್ಕದ್ದು ಕೂಗಿದರೆ ಮಗ ಬೀಡಿಗೆ ಎದ್ದ,
ಮೆಟ್ಟಿಲ ಬಳಿಯದ್ದಾದರೆ ಸೊಸೆ.
"ಎಕ್ಕಡಿಕಿ?"
ಕತ್ತಲೆಯಿಂದಲೇ ಕೇಳುತ್ತಾರೆ, ತೆಲುಗಿನಲ್ಲಿ.
ಹತ್ತೊಂಬತ್ತು ವರ್ಷದಿಂದ ಆ ಹಲಗೆಯನ್ನು
ಸೀರೆ ಎತ್ತಿ, ಹಳ್ಳ ದಾಟುವ ಹಾಗೆ ದಾಟುತ್ತೇನೆ,
ಕೆಳಗಿಳಿದು ಒಬ್ಬಳೇ ಒಂದು ಲೋಟ ಕಾಫಿ ಕುಡಿಯಲಿಕ್ಕೆ.

ಈ ಸಲ ಚಿಂತಾಮಣಿಯಿಂದ ಮೇಸ್ತ್ರಿ ಬಾಬಾಜಾನ್ ಬಂದ.
ಪುಟ್ಟಿ ಡಬ್ಬ ಮುಟ್ಟಲಿಲ್ಲ.
ಏಣಿ ಹತ್ತಿ ನನ್ನ ತಾರೀಕುಗಳನ್ನು
ಬೆರಳಿಟ್ಟು ಒಂದೊಂದಾಗಿ ಓದಿದ.
ಅವನ್ನು ಓದಿದವರು ಅವನೇ ಮೊದಲು.
"ಇದು ಬೀಳೋ ಬಿರುಕಲ್ಲಮ್ಮ, ಆಡೋ ಬಿರುಕು.
ಮುಚ್ಚಿದಷ್ಟೂ ಪಕ್ಕದಲ್ಲಿ ಬಾಯಿ ಬಿಡುತ್ತೆ.
ನಾವೇ ಒಂದು ದಾರಿ ಕೊಯ್ದು ಕೊಡೋಣ."
ಗೋಡೆಯಿಂದ ಗೋಡೆಗೆ ನೆಟ್ಟಗೆ ಕೊರೆದು
ರಬ್ಬರಿನಂಥದ್ದೇನೋ ತುಂಬಿದ,
ಮೇಲೊಂದು ಮರದ ಪಟ್ಟಿ, ಒಂದೇ ಅಂಚಿಗೆ ಮೊಳೆ.
"ಎರಡೂ ಕಡೆ ಹೊಡೆದ್ರೆ ಮತ್ತೆ ಕಿತ್ತಾಟ."
ಆಮೇಲೆ ನೆಲದ ಹಳೆ ಮೊಳೆ ಕಿತ್ತು ಸ್ಕ್ರೂ ಇಟ್ಟ.
ತಿರುಗಿಸುವುದು, ಕಾಲಿಡುವುದು, ಕಿವಿಗೊಡುವುದು,
ಮತ್ತೆ ಇಷ್ಟೇ ಇಷ್ಟು ತಿರುಗಿಸುವುದು.
ಸಂಜೆಗೆ ಮನೆ ಬಾಯಿ ಮುಚ್ಚಿತು.

ನಾಲ್ಕಕ್ಕೆ ಎದ್ದೆ.
ನೀರು ಕಾಯಬೇಕು, ಗೂಡಿನ ಚೀಲ ಬಿಚ್ಚಬೇಕು.
ಮೆಟ್ಟಿಲ ಬಳಿ ಬಂದಾಗ
ಹಲಗೆ ಇನ್ನು ಮಾತಾಡುವುದಿಲ್ಲವೆಂದು ಗೊತ್ತು,
ಆದರೂ ಕೈ ಸೀರೆ ಎತ್ತಿತು,
ಕಾಲು ಹಳ್ಳ ದಾಟಿತು.

"ಎಕ್ಕಡಿಕಿ?"

ಸದ್ದೇ ಆಗಲಿಲ್ಲವಲ್ಲ ಅತ್ತೆ, ಎಂದೆ.

"ಅದಕ್ಕೇ, ರಾತ್ರಿಯಿಡೀ ಎದ್ದಿದೀನಿ."