ಕೊಬ್ಬು

ಎಫ್‌ಸಿಗೆಂದು ಬಸ್ಸು ಗ್ಯಾರೇಜಿಗೆ ಹೋದ ದಿನ
ಮನೆಯಲ್ಲಿ ಸುಮ್ಮನೆ ಕೂತಿದ್ದೆ.
ಅಭ್ಯಾಸಬಲ. ಬಲಗೈ ಎಡಭುಜಕ್ಕೆ ಹೋಯಿತು
ಚೀಲದ ಪಟ್ಟಿ ಸರಿಮಾಡಲು.
ಪಟ್ಟಿ ಇರಲಿಲ್ಲ. ಪಟ್ಟಿಯ ಜಾಗದಲ್ಲಿ
ಬೇರೇನೋ ಇತ್ತು.

ಚಿಲ್ಲರೆ ಎಣಿಸುವ ಬೆರಳು ನನ್ನದು,
ಕತ್ತಲಲ್ಲೂ ಒಂದು ಯಾವುದು, ಎರಡು ಯಾವುದು ಹೇಳುತ್ತದೆ.
ಇದರ ಬೆಲೆ ಮಾತ್ರ ಗೊತ್ತಾಗಲಿಲ್ಲ.
ಸಣ್ಣ ಪುನರ್ಪುಳಿಯಷ್ಟು. ಮೆತ್ತಗೆ.
ಒತ್ತಿದರೆ ಪಕ್ಕಕ್ಕೆ ಜಾರುತ್ತದೆ,
ಟಿಕೆಟು ಕೇಳಿದ ಕೂಡಲೆ
ಹಿಂದಿನ ಸೀಟಿನ ಕಡೆ ಸರಿಯುವವನ ಹಾಗೆ.
ಎಲ್ಲಿ ಹತ್ತಿದ್ದು ಮಾರಾಯ ನೀನು?
ಎಷ್ಟು ಸ್ಟಾಪು ಆಯ್ತು?

ವನಜಾಕ್ಷಿಗೆ ಹೇಳಲಿಲ್ಲ.
ಚೀಲವನ್ನು ಬಲಭುಜಕ್ಕೆ ಬದಲಿಸಿದೆ.
ಮೆಷಿನು ಎಡಗೈಗೆ ಬಂತು, ಲೆಕ್ಕ ತಪ್ಪಿತು.
ತೊಕ್ಕೊಟ್ಟಿನಲ್ಲಿ ಹತ್ತು ರೂಪಾಯಿ ಹೆಚ್ಚು ಕೊಟ್ಟೆ,
ಕೋಟೆಕಾರಿನಲ್ಲಿ ಯಾರಿಗೋ ಕೊಡಲೇ ಇಲ್ಲ, ಬಯ್ಸಿಕೊಂಡೆ.
ರಾತ್ರಿ ಕಲೆಕ್ಷನ್ನಿನ ಲೆಕ್ಕ ಮುಗಿದ ಮೇಲೆ
ಇನ್ನೊಂದು ಲೆಕ್ಕ:
ಸೊಸೈಟಿಯಲ್ಲಿ ಇರುವುದು ಹನ್ನೊಂದು ಸಾವಿರ.
ಸಣ್ಣವಳು ಇನ್ನೂ ಎಂಟನೇ ಕ್ಲಾಸು.
ಸೋದರಮಾವನಿಗೂ ಹೀಗೇ ಶುರುವಾದದ್ದು, ಕುತ್ತಿಗೆಯಲ್ಲಿ.
ಮುಂದಿನದು ಎಣಿಸದೆ ದೀಪ ಆರಿಸುತ್ತಿದ್ದೆ.

ನಾಲ್ಕು ತಿಂಗಳ ಮೇಲೆ ಹಿಡಿದದ್ದು ಉಮ್ಮರಬ್ಬ.
ಡ್ರೈವರಿಗೆ ಕನ್ನಡಿಯೇ ಕಣ್ಣು.
ನೇತ್ರಾವತಿ ಸೇತುವೆಯ ಮೇಲೆ ಗೇರು ಬದಲಿಸುತ್ತ ಕೇಳಿದ:
"ಚೀಲ ಯಾಕೆ ಆ ಕಡೆ ಹೋಯ್ತು?"
ಹೇಳಿದೆ.
ಸೇತುವೆ ಮುಗಿಯುವವರೆಗೆ ಅವ ಮಾತಾಡಲಿಲ್ಲ.

ಇಪ್ಪತ್ತೆರಡು ವರ್ಷ, ದಿನಕ್ಕೆ ಹತ್ತು ಸಲ
"ವೆನ್ಲಾಕ್, ವೆನ್ಲಾಕ್, ಇಳಿಯುವವರು ಬೇಗ" ಎಂದು
ಬಾಗಿಲು ಬಡಿದು ಕೂಗಿದವ ನಾನು.
ಕಟ್ಟು ಹಾಕಿದ ಕಾಲು, ಚೀಟಿ ಹಿಡಿದ ಮುದುಕಿ,
ಎಲ್ಲರಿಗೂ ಬೇಗ, ಬೇಗ.
ಮರುದಿನ ಉಮ್ಮರಬ್ಬ ಅಲ್ಲೇ ಬ್ರೇಕು ಹಾಕಿ
ಎಂಜಿನ್ ಆಫ್ ಮಾಡಿದ. ಹಿಂದಿನ ಬಸ್ಸು ಹಾರ್ನು ಹೊಡೆಯಿತು.
"ಇಳಿ" ಎಂದ.
ಇಳಿದೆ. ನಿಧಾನ.

ಸೂಜಿ ಹಾಕಿ ನೋಡಿದರು. ಒಂದು ವಾರ ಬಿಟ್ಟು ಬರಲು ಹೇಳಿದರು.
ಆ ವಾರದ ಮಾತು ಬೇಡ.

ಡಾಕ್ಟರ್ ಜೆಸಿಂತಾ ಕಾಗದ ಓದಿ
ಕನ್ನಡಕ ತೆಗೆದರು: "ಕೊಬ್ಬು."
"ಆಂ?"
"ಬರೀ ಕೊಬ್ಬಿನ ಗಡ್ಡೆ. ಹೆದರುವಂಥದ್ದು ಏನಿಲ್ಲ.
ಪಟ್ಟಿ ಉಜ್ಜಿ ನೋಯುವುದಾದರೆ ತೆಗೆಯುವ."
ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬಂತು.
ಕಂಡಕ್ಟರನಿಗೆ ಕೊಬ್ಬು ಎಂದು
ತಲಪಾಡಿಯಿಂದ ಸ್ಟೇಟ್ ಬ್ಯಾಂಕಿನವರೆಗೆ
ಎಷ್ಟು ಜನ ಎಷ್ಟು ವರ್ಷದಿಂದ ಹೇಳಿಲ್ಲ!
ಸರಕಾರಿ ಮುದ್ರೆಯೊಂದು ಬಾಕಿ ಇತ್ತು.

ಆಪರೇಷನ್ನು ಎಂದರೆ ಅರ್ಧ ಗಂಟೆ.
ಬೋರಲು ಮಲಗಿಸಿ, ಭುಜ ಮಾತ್ರ ಮರಗಟ್ಟಿಸಿ.
ಎಳೆಯುವುದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ,
ತುಂಬಿದ ಬಸ್ಸಿನಲ್ಲಿ ಯಾರೋ ಅಂಗಿ ಜಗ್ಗಿದ ಹಾಗೆ.
ಬೆನ್ನ ಹಿಂದೆ ಕಲಿಯುವ ಹುಡುಗಿಯೊಬ್ಬಳ ಸ್ವರ:
"ನೀವು ತಲಪಾಡಿ ಬಸ್ಸಿನವರಲ್ಲವಾ?
ಐನೂರರ ನೋಟು ಕೊಟ್ಟದ್ದಕ್ಕೆ
ನನ್ನನ್ನು ಕಲ್ಲಾಪಿನಲ್ಲಿ ಇಳಿಸಿದ್ದಿರಿ. ಮಳೆ ಬರುತ್ತಿತ್ತು."
ಮುಖ ದಿಂಬಿನೊಳಗಿತ್ತು, ಪುಣ್ಯ.
"ಹೌದು" ಎಂದೆ ದಿಂಬಿಗೆ.
ಕತ್ತರಿಯ ಸದ್ದು ಸ್ವಲ್ಪ ನಿಂತು, ಮತ್ತೆ ಸುರುವಾಯಿತು.

ಬಾಟಲಿಯಲ್ಲಿ ಹಾಕಿ ತೋರಿಸಿದರು. ಹಳದಿ,
ಕೋಳಿ ಸಾರು ತಣಿದಾಗ ಮೇಲೆ ಕಟ್ಟುವ ಬಣ್ಣ.
ಇಷ್ಟಕ್ಕಾ ಅಷ್ಟು ರಾತ್ರಿಯ ನಿದ್ದೆ ಕೊಟ್ಟದ್ದು?
ವನಜಾಕ್ಷಿ ಅದನ್ನು ನೋಡಲಿಲ್ಲ, ನನ್ನನ್ನು ನೋಡಿದಳು.
"ನಾಲ್ಕು ತಿಂಗಳು" ಎಂದಳು. ಮತ್ತೆ ಮಾತಿಲ್ಲ
ಮನೆಯವರೆಗೆ. ಬಸ್ಸಿನಲ್ಲಿ ಟಿಕೆಟಿಗೆ ಅವಳೇ ಕೊಟ್ಟಳು.

ಈಗ ಐದು ಹೊಲಿಗೆಯ ಗುರುತು ಉಂಟು,
ಹರಿದ ಟಿಕೆಟಿನ ಅಂಚಿನ ಹಾಗೆ.
ಸೇತುವೆ ಬಂದಾಗ ಕೈ ಇನ್ನೂ ಅಲ್ಲಿಗೆ ಹೋಗುತ್ತದೆ.

ನಿನ್ನೆ ಜೆಪ್ಪಿನಮೊಗರಿನಲ್ಲಿ ಒಬ್ಬ
ಇನ್ನೂರರ ನೋಟು ಚಾಚಿದ. ಬಾಯಿ ತನ್ನಷ್ಟಕ್ಕೆ ತೆರೆಯಿತು:
"ಬೆಳಿಗ್ಗೆ ಬೆಳಿಗ್ಗೆ ಎಲ್ಲಿಂದ ತರುತ್ತೀರಿ ಮಾರಾಯರೆ ಇದನ್ನು?"
ಕನ್ನಡಿಯಲ್ಲಿ ಉಮ್ಮರಬ್ಬನ ಹಲ್ಲು ಕಂಡಿತು.
"ಪೂರ್ತಿ ತೆಗೆದಿಲ್ಲ ಅವರು" ಎಂದ.

ಚಿಲ್ಲರೆ ಹುಡುಕಿದೆ. ಇತ್ತು.