ಮೂವತ್ತೊಂದು

ಹೆಸರಿಡುವಂತಿಲ್ಲ.
ಕೋರ್ಟಿನ ಕಾಗದದಲ್ಲಿ ಅವಳು ಸಾಕ್ಷ್ಯ;
ಜಪ್ತಿಯಾದ ಟ್ರೆಡ್‌ಮಿಲ್ಲು, ಸರಪಳಿ, ಸೂಜಿ,
ಕಲೆ ಹೋಗದ ಒಂದು ಜಮಖಾನ, ಇವುಗಳ ಜೊತೆ
ಒಂದೇ ಪಟ್ಟಿಯಲ್ಲಿ:
ನಾಯಿ, ಹೆಣ್ಣು, ಕಂದು, ಮೂವತ್ತೊಂದು.

ಆ್ಯಲಬಾಮದ ಈ ಹಳೆ ಗೋದಾಮಿನಲ್ಲಿ
ಈಗ ಹತ್ತಿಯಿಲ್ಲ, ನಲವತ್ತು ಕಬ್ಬಿಣದ ಗೂಡುಗಳಿವೆ.
ವರ್ಲೀನ್ ಪ್ರೂಯಿಟ್, ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಮೊದಲ ದಿನ ಗೂಡಿನೆದುರು ಬೆನ್ನು ತಿರುಗಿಸಿ ಕೂತಳು.
ಎರಡನೆಯ ದಿನವೂ.
ಒಂಬತ್ತನೆಯ ದಿನವೂ.
ಕಣ್ಣಿಗೆ ಕಣ್ಣು ಕೊಡಬಾರದು, ಕೈ ಎತ್ತಬಾರದು,
ಕೋಳಿಯ ಚೂರನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆಯಬೇಕು,
ಯಾರಿಗೂ ಎಸೆದದ್ದಲ್ಲವೆಂಬಂತೆ.

ಕೂರು, ನಿಲ್ಲು, ಬಾ, ಇವೆಲ್ಲ ಆಮೇಲಿನವು.
ಮೊದಲ ಪಾಠ: ತಟ್ಟೆ ಹೋಗುತ್ತದೆ, ತಟ್ಟೆ ಮತ್ತೆ ಬರುತ್ತದೆ.
ಅದಕ್ಕೇ ಏಳು ವಾರ.

ಪೊರಕೆ ಕಂಡರೆ ನಿಂತಲ್ಲೇ ಉಚ್ಚೆ.
ಪಿಕಪ್ಪಿನ ಹಿಂಬಾಗಿಲು ಧಡ್ಡೆಂದರೆ ಮಾತ್ರ
ಎದ್ದು, ಮೈ ಬಿಗಿದು, ಬಾಯಿ ಮುಚ್ಚಿ ಕಾಯುವಳು,
ಕೆಲಸಕ್ಕೆ ಕರೆ ಬಂತೆಂದು.
ಬೊಗಳಿದ್ದೇ ಇಲ್ಲ.
ನಾಯಿ ಬಾಲ ಡೊಂಕು ಎನ್ನುತ್ತದೆ ನಮ್ಮ ಗಾದೆ.
ಇವಳದು ಡೊಂಕಾದದ್ದು ಬಾಗಿಲ ಸಂದಿಯಲ್ಲಿ.
ನೆಟ್ಟಗೆ ಮಾಡಲು ಇಲ್ಲಿ ಯಾರೂ ಹೊರಟಿಲ್ಲ.

ಸಾಯಿಸಿಬಿಡಿ, ಕೆಟ್ಟ ರಕ್ತ, ಅಂದರು ಕೌಂಟಿಯ ಸಭೆಯಲ್ಲಿ.
ಬಸ್ಸಿನ ಹಿಂದಿನ ಸೀಟಿಗೂ ಕೇಳುವ ದನಿಯಲ್ಲಿ ವರ್ಲೀನ್:
"ರಕ್ತವೇ ಕೆಟ್ಟದ್ದಾಗಿದ್ದರೆ
ಅಷ್ಟೊಂದು ಹೊಡೆಯುವ ಕೆಲಸ ಯಾಕೆ ಬೀಳುತ್ತಿತ್ತು?"

ಸಂಜೆ ಓದುತ್ತಾಳೆ, ಗಟ್ಟಿಯಾಗಿ.
ಮನುಷ್ಯರ ದನಿ ಬೈಗುಳವಲ್ಲದೆ
ಬೇರೇನೋ ಆಗಬಲ್ಲದೆಂದು ಗೊತ್ತಾಗಲಿ ಅಂತ.
ಕೈಗೆ ಸಿಕ್ಕಿದ್ದು ಬೀಜದ ಕಂಪನಿಯ ಕ್ಯಾಟಲಾಗು:
ಬದನೆ, ಬೀನ್ಸು, ಹದಿನಾಲ್ಕು ಬಗೆಯ ಟೊಮೆಟೊ,
ಪೂರ್ತಿ ಬಿಸಿಲು, ಎರಡಡಿ ಅಂತರ, ಎಂಬತ್ತು ದಿನಕ್ಕೆ ಕಾಯಿ.
ಬೆಂಡೆಗೆ ಅಲ್ಲಿ ಓಕ್ರಾ ಅನ್ನುತ್ತಾರೆ.
ಆ ಸದ್ದಿಗೆ ಮಾತ್ರ
ಹರಿದ ಕಿವಿಯೊಂದು ಇತ್ತ ಹೊರಳುತ್ತಿತ್ತು, ಯಾಕೋ.

ಅಕ್ಟೋಬರಿನಲ್ಲಿ ಹುಡುಗ ಬಂದ. ವೇಲನ್, ಹದಿನಾರು,
ಜೈಲಿನಲ್ಲಿರುವವನ ಮಗ. ಅಮ್ಮ ಕಾರಿನಿಂದಿಳಿಯಲಿಲ್ಲ.
ವರ್ಲೀನಳಿಗೆ ಗುರುತು ಸಿಕ್ಕಿತು:
ಕೊನೆಯ ಸ್ಟಾಪು, ಕಿಟಕಿಗೆ ಹಣೆ, ಮಾತಿಲ್ಲದ ಮಗು.
ಗೂಡಿನೆದುರು ನಿಂತು, ಮೆಲ್ಲಗೆ,
"ಕೋರಾ" ಅಂದ.

ಹನ್ನೊಂದು ತಿಂಗಳು ಸುಮ್ಮನಿದ್ದ ಬಾಲ
ನೆಲಕ್ಕೆ ಬಡಿಯಿತು. ಒಂದೇ ಸಲ.

"ನೀನೇನು ಮಾಡುತ್ತಿದ್ದೆ ಅಲ್ಲಿ?"
"ಟೈಮು ನೋಡುತ್ತಿದ್ದೆ. ಟ್ರೆಡ್‌ಮಿಲ್ಲಿನ ಮೇಲೆ ಎಷ್ಟು ನಿಮಿಷ ಅಂತ.
ಓಟ ನಿಂತರೆ ಅಪ್ಪನಿಗೆ ಹೇಳಬೇಕಿತ್ತು."
"ಹೇಳುತ್ತಿದ್ದೆಯಾ?"
"ಹೇಳುತ್ತಿದ್ದೆ."
ಆಮೇಲೆ, ಶೂ ನೋಡುತ್ತ,
"ರಾತ್ರಿ ಬಿಸ್ಕತ್ತು ಒಯ್ಯುತ್ತಿದ್ದೆ."

ಒಂದೇ ಕೈ. ಅದರಲ್ಲೇ ಗಡಿಯಾರ, ಅದರಲ್ಲೇ ಬಿಸ್ಕತ್ತು.

ನನ್ನ ನುಡಿಯಲ್ಲಿ ಸಾಕು ಅಂದರೆ ನಿಲ್ಲಿಸು, ಇನ್ನು ಬೇಡ.
ಸಾಕು ಅಂದರೆ ಅನ್ನವಿಟ್ಟು ದೊಡ್ಡದು ಮಾಡು ಅಂತಲೂ.
ವರ್ಲೀನಳಿಗೆ ಆ ಪದ ಗೊತ್ತಿಲ್ಲ.
ಬೈಯಲಿಲ್ಲ, ತಬ್ಬಲೂ ಇಲ್ಲ.
ಸಿಮೆಂಟಿನ ಮೇಲೆ ಸರಿದು ಜಾಗ ಮಾಡಿಕೊಟ್ಟಳು,
ಕ್ಯಾಟಲಾಗನ್ನು ಅವನ ತೊಡೆಗೆ ಹಾಕಿದಳು:
"ಬೆನ್ನು ತಿರುಗಿಸಿ ಕೂರು. ಕೈ ಎತ್ತಬೇಡ. ಮೆಲ್ಲಗೆ ಓದು."

ತಡವರಿಸಿದ. ಪೂರ್ತಿ ಬಿಸಿಲು. ಎರಡಡಿ ಅಂತರ.
ಹಿಂದೆ ಉಗುರುಗಳ ಸಪ್ಪಳ. ನಿಂತಿತು. ಮತ್ತೆ, ಹತ್ತಿರ.
ತಿರುಗಲು ಹೋದವನ ಮೊಣಕೈ ಹಿಡಿದಳು.
"ಓದು," ಅಂದಳು,
"ಇನ್ನೂ ಕುಂಬಳ ಬಾಕಿಯಿದೆ."