ಹದಿನಾಲ್ಕನೇ ಪ್ರಶ್ನೆ

ತರಬೇತಿಯ ಮೊದಲ ತಿಂಗಳು
ಪೆನ್ನು ಮುಟ್ಟುವಂತಿಲ್ಲ ಎಂದಿದ್ದರು.
ನಗು ಬಂದಿತ್ತು ನನಗೆ.
ಆರು ವರ್ಷ ಅಂಕಿಸಂಖ್ಯೆ ಅರೆದು ಕುಡಿದವಳು,
ಇನ್ನು ಬರಿಗೈ ಬೀಸಿಕೊಂಡು ಹೋಗಲೆ?

ಹಾಗೇ ಹೋದೆ.
ಉತ್ತರ ಕೆರೊಲಿನಾದ ಮೂಡಣ ಬಯಲು,
ಟಾರು ಮುಗಿದು ಮರಳು ಶುರುವಾಗುವಲ್ಲಿ
ಆರ್ನೆಟಾ ಫೇಸನ್ ಅವರ ಮನೆ.
ಬೇಲಿಯಾಚೆ ಒಂಬತ್ತು ಉದ್ದನೆಯ ತಗಡಿನ ದೊಡ್ಡಿ,
ಒಳಗೆ ಹಂದಿಗಳು, ಎಷ್ಟೆಂದು ಯಾರೂ ಬಾಯಿಬಿಡುವುದಿಲ್ಲ.
ಪಕ್ಕದಲ್ಲೇ ಅವುಗಳ ಗಲೀಜಿನ ಹೊಂಡ, ಗುಲಾಬಿ ಬಣ್ಣದ್ದು.
ದೂರದಿಂದ ಚಂದವೆನ್ನಿಸಿತು,
ಈಗಲೂ ಹೇಳಿಕೊಳ್ಳಲು ನಾಚಿಕೆ.

"ಮೂಗು ತೂರಿಸಲು ಬಂದವರಲ್ಲಿ ನೀನು ಏಳನೆಯವಳು"
ಅಂದರು ಆರ್ನೆಟಾ. "ಹಿಂದೆ ಬಂದವನು
ನನ್ನ ರಕ್ತ ಒಯ್ದ, ಎರಡು ಸೀಸೆ.
ಏನಿತ್ತಂತೆ ಅದರಲ್ಲಿ?"

ಆ ಪ್ರಬಂಧ ಓದಿಯೇ ನಾನಲ್ಲಿಗೆ ಬಂದದ್ದು.
ನಾಲ್ಕನೇ ನಕ್ಷೆಯಲ್ಲಿ
ಅವರೊಂದು ಚುಕ್ಕಿ. ಯಾವುದೋ.

ಉತ್ತರಕ್ಕೆ ಕಾಯಲಿಲ್ಲ, ಬುಟ್ಟಿ ಕೈಗಿತ್ತರು:
ಒದ್ದೆ ಬಟ್ಟೆ. ಮೊದಲ ವಾರ ಹರವಿದೆ,
ಎರಡನೇ ವಾರವೂ. ದಿಂಬಿನ ಚೀಲ,
ಉಬ್ಬಸದ ಮೊಮ್ಮಗನ ಶಾಲೆಯ ಅಂಗಿ,
ಭಾನುವಾರದ ಬಿಳಿ ಕೈಗವಸು.

ಮೂರನೇ ಗುರುವಾರ ಗಾಳಿ ತಿರುಗಿತು.
ಆಚೆ ಹೊಲದಲ್ಲಿ ಹೊಂಡದ ನೀರು
ಕೊಳವೆಯಿಂದ ಕಮಾನಾಗಿ ಚಿಮ್ಮಿತು.
"ಓಡು" ಅಂದರು. ಕೇಳಿಸಿತೇ ಹೊರತು ತಿಳಿಯಲಿಲ್ಲ.
ಎಪ್ಪತ್ತೊಂದರ ಅವರು, ಮೊಣಕಾಲು ಹಿಡಿದವರು,
ಕ್ಲಿಪ್ಪು ಹಲ್ಲಲ್ಲಿ ಕಚ್ಚಿ
ತಂತಿಯುದ್ದಕ್ಕೂ ಬಾಚಿ ಎದೆಗವಚಿಕೊಂಡು
ಒಳಗೆ. ಬಾಗಿಲು. ಕಿಟಕಿ. ಕಿಟಕಿ.
ಸಂದಿಗೆ ಟವೆಲ್ಲು.

ನಾನೊಂದು ಹೊದಿಕೆ ಹೊರಗೇ ಬಿಟ್ಟಿದ್ದೆ.
ಕೋಣೆಗೆ ಒಯ್ದು ಮೂರು ಸಲ ಒಗೆದೆ.
ಮೂಗಿಗೆ ಹತ್ತಿದ್ದು ಗಂಟಲಿಗಿಳಿದು
ಮರುದಿನದ ಕಾಫಿಯಲ್ಲೂ ಇತ್ತು.
ತೂರಿಸುವ ಮೂಗಿಗೆ ಉಸಿರೂ ಆಡಬೇಕಾಗುತ್ತದೆಂದು
ಯಾವ ತರಗತಿಯಲ್ಲೂ ಹೇಳಿರಲಿಲ್ಲ.

ನನ್ನ ಹದಿನಾಲ್ಕನೇ ಪ್ರಶ್ನೆ ಹೀಗಿತ್ತು:
ನಿಮ್ಮ ಸುತ್ತಲಿನ ಗಾಳಿಯ ಗುಣಮಟ್ಟಕ್ಕೆ
ಒಂದರಿಂದ ಐದರೊಳಗೆ ಅಂಕ ಕೊಡಿ.

ಚರ್ಚಿನ ಹಿಂದಿನ ಊಟದ ಕೋಣೆಯಲ್ಲಿ ಸಭೆ.
ಹನ್ನೊಂದು ಜನ, ಕರಿದ ಮೀನು,
ಶಾಲೆಯ ಬಸ್ಸು ಓಡಿಸುವ ಓಡೆಲ್ ಅಧ್ಯಕ್ಷತೆ.
ಅವರಿಗೆ ಮತವಿತ್ತು, ನನಗಿರಲಿಲ್ಲ;
ನಿಯಮ ಬರೆದವರು ನನ್ನ ಗುರುಗಳೇ.
ಹದಿನಾಲ್ಕಕ್ಕೆ ಒಂದೇ ಗೀಟು.
ಅದರ ಮೇಲೆ ಆರ್ನೆಟಾ, ಪೆನ್ಸಿಲ್ಲಿನಲ್ಲಿ, ನಿಧಾನಕ್ಕೆ:
ಕಳೆದ ವಾರ ಎಷ್ಟು ಸಲ
ಒಣಗದ ಬಟ್ಟೆ ಒಳಗೆ ತಂದಿರಿ?

ಕಾಗುಣಿತ ತಿದ್ದಲು ಕೈ ಮುಂದಾಯಿತು.
ಮೀನಿನ ತಟ್ಟೆಯತ್ತ ತಿರುಗಿಸಿದೆ ಅದನ್ನು.

ಆ ಎರಡು ಸೀಸೆಯ ಬೆನ್ನು ಹತ್ತಿ
ಹದಿನಾಲ್ಕು ತಿಂಗಳು ಪತ್ರ ಬರೆದೆ.
ಕೊನೆಗೊಂದು ಹಾಳೆ ಬಂತು, ಕೊಂಡೊಯ್ದೆ.
ಕನ್ನಡಕ ಹುಡುಕಿ, ಎರಡು ಸಲ ಓದಿ,
ಮಡಚಿ, ಸಕ್ಕರೆ ಡಬ್ಬಿಯ ಅಡಿಗಿಟ್ಟರು.
"ಇಷ್ಟು ನನಗೆ ಗೊತ್ತಿತ್ತು" ಅಂದರು.
ಆಮೇಲೆ, ಕಿಟಕಿಯಾಚೆ ನೋಡಿ,
"ಗಾಳಿ ಈಗ ನಮ್ಮ ಕಡೆಗಿಲ್ಲ.
ಬುಟ್ಟಿ ತಾ."